ಪಿಕಪ್‌ನಲ್ಲಿ ದೊಡ್ಡ ಸಿಲಿಂಡರ್ ಒಯ್ಯುವಾಗ

ನಾನು ಶಿರಸಿ ಕಡೆಯ ಅಡುಗೆಯವನು. ಮದುವೆ, ಉಪನಯನ ಅಂತ ಸೀಸನ್ ಪೂರ್ತಿ ಊರೂರು ತಿರುಗುತ್ತೇನೆ. ಪಿಕಪ್‌ನಲ್ಲಿ ಪಾತ್ರೆಗಳ ಜೊತೆ 19 ಕೆಜಿಯ ನೀಲಿ ಸಿಲಿಂಡರ್‌ಗಳೂ ಬರುತ್ತವೆ.

ಹಲವು ವರ್ಷದ ಹಿಂದೆ ಕುಮಟಾದ ಒಂದು ಮದುವೆಗೆ ದೇವಿಮನೆ ಘಟ್ಟ ಇಳಿಯುತ್ತಿದ್ದೆವು. ಜಾಗ ಸಾಲದೆ ಒಂದು ಸಿಲಿಂಡರನ್ನು ಮಲಗಿಸಿ, ಪಕ್ಕಕ್ಕೆ ಅಕ್ಕಿ ಮೂಟೆ ಒತ್ತಿಟ್ಟಿದ್ದೆ. ತಿರುವಿನಲ್ಲಿ ಮೂಟೆ ಸರಿಯಿತು. ಸಿಲಿಂಡರ್ ಉರುಳಿ, ಕೊಪ್ಪರಿಗೆಯ ಕಿವಿ ನೇರ ವಾಲ್ವಿಗೇ ಬಡಿಯಿತು. ಕ್ಯಾಪ್ ಹಾಕಿರಲಿಲ್ಲ. ಗಾಡಿ ನಿಲ್ಲಿಸಿ ನೋಡಿದರೆ ಬುಸ್ ಅಂತ ಬಿಳಿ ಮಂಜು ಬರುತ್ತಿದೆ, ವಾಲ್ವಿನ ಸುತ್ತ ಹಿಮ ಕಟ್ಟಿದೆ. ಹಿಂದೆ ಕೂತಿದ್ದ ಇಬ್ಬರು ಹುಡುಗರು ಆಗಲೇ ಹಾರಿ ಇಳಿದಿದ್ದರು. ಎಲ್ಲರೂ ರಸ್ತೆಯ ಮೇಲ್ಭಾಗಕ್ಕೆ ಓಡಿದೆವು. ಎರಡೂ ಕಡೆ ವಾಹನ ತಡೆದು, ಸದ್ದು ನಿಲ್ಲುವವರೆಗೆ ದೂರವೇ ನಿಂತೆವು. ಯಾರಿಗೂ ಏನೂ ಆಗಲಿಲ್ಲ. ಆ ಹುಡುಗರ ಮುಖ ಮಾತ್ರ ಇವತ್ತಿಗೂ ಕಣ್ಣ ಮುಂದಿದೆ.

ಸಿಲಿಂಡರ್ ಯಾಕೆ ನಿಂತೇ ಇರಬೇಕು ಅಂತ ನನಗೆ ಅರ್ಥವಾಗಿದ್ದು ಅವತ್ತು. ಒಳಗಿರುವುದು ಪ್ರೊಪೇನ್ ಮತ್ತು ಬ್ಯುಟೇನ್ ಬೆರೆತ ದ್ರವ. ನಿಲ್ಲಿಸಿದರೆ ವಾಲ್ವಿನ ಕೆಳಗೆ ಬರೀ ಆವಿ ಇರುತ್ತದೆ. ಮಲಗಿಸಿದರೆ ದ್ರವವೇ ವಾಲ್ವಿನ ಬಾಯಿಗೆ ಬರುತ್ತದೆ. ಹೊರಬಿದ್ದ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಅದು ಗಾಳಿಗಿಂತ ಭಾರ. ಮೇಲೆ ಹೋಗದೆ ಚರಂಡಿ, ತಗ್ಗು ಹುಡುಕಿಕೊಂಡು ಹರಿಯುತ್ತದೆ.

ಹೊರಡುವ ಮೊದಲು ಒಂದು ಲೆಕ್ಕ ಹಾಕಿ. ಲೈಸೆನ್ಸ್ ಇಲ್ಲದೆ ಒಟ್ಟಿಗೆ 100 ಕೆಜಿಗಿಂತ ಜಾಸ್ತಿ ಎಲ್‌ಪಿಜಿ ಇಟ್ಟುಕೊಳ್ಳುವ ಹಾಗಿಲ್ಲ. ಐದು ಸಿಲಿಂಡರ್ ಅಂದರೆ 95 ಕೆಜಿ. ಆರನೆಯದು ಬೇಕಾದರೆ ಮದುವೆ ಮನೆಯ ಊರಿನ ಏಜೆನ್ಸಿಯವರಿಗೆ ಹೇಳಿ, ಛತ್ರಕ್ಕೇ ತರಿಸಿ. ನಿಜ ಹೇಳಬೇಕೆಂದರೆ ಎಲ್ಲವನ್ನೂ ಹಾಗೇ ತರಿಸುವುದು ಇನ್ನೂ ಒಳ್ಳೆಯದು.

ತುಂಬುವಾಗ ಮೊದಲು ವಾಲ್ವಿಗೆ ಸೋಪು ನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ಆ ಸಿಲಿಂಡರ್ ಗಾಡಿ ಹತ್ತಬಾರದು. ಮೇಲಿನ ಪಟ್ಟಿಯ ಒಳಗಡೆ ಬರೆದಿರುವ ಟೆಸ್ಟ್ ಅವಧಿಯನ್ನೂ ಓದಿ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್, ಪಕ್ಕದ ಅಂಕಿ ವರ್ಷ. ಅವಧಿ ಮುಗಿದಿದ್ದರೆ ವಾಪಸ್ ಕೊಡಿ. ರೆಗ್ಯುಲೇಟರ್ ಬಿಚ್ಚಿ, ಕ್ಯಾಪ್ ಒತ್ತಿ ಕೂರಿಸಿ. ನಮ್ಮಲ್ಲಿ ಈಗ ಕ್ಯಾಪ್ ಇಲ್ಲದ ಸಿಲಿಂಡರ್ ಗಾಡಿಗೆ ಏರುವುದೇ ಇಲ್ಲ.

ಕಟ್ಟುವುದೇ ಮುಖ್ಯ ಕೆಲಸ. ಇದಕ್ಕೆ ಆತುರ ಬೇಡ. ನಾನು ನೆಲಕ್ಕೆ ರಬ್ಬರ್ ಮ್ಯಾಟ್ ಹಾಸುತ್ತೇನೆ. ಸಿಲಿಂಡರ್‌ಗಳನ್ನು ಕ್ಯಾಬಿನ್ನಿನ ಹಿಂಗೋಡೆಗೆ ಒತ್ತಿ, ಸಾಲಾಗಿ ನಿಲ್ಲಿಸುತ್ತೇನೆ. ಒಂದಕ್ಕೊಂದು ತಾಗದ ಹಾಗೆ ನಡುವೆ ಗೋಣಿಚೀಲ ಮಡಚಿ ಇಡುತ್ತೇನೆ. ಆಮೇಲೆ ಬಿಗಿಯುವ ಬೆಲ್ಟ್ ಎರಡು: ಒಂದು ಸೊಂಟಕ್ಕೆ, ಇನ್ನೊಂದು ಭುಜದ ಕೆಳಗೆ. ಎರಡನ್ನೂ ಗಾಡಿಯ ಪಕ್ಕದ ಕೊಕ್ಕೆಗೆ ಬಿಗಿಯಬೇಕು. ನೈಲಾನ್ ಹಗ್ಗ ದಾರಿಯಲ್ಲಿ ಸಡಿಲವಾಗುತ್ತದೆ, ಅದನ್ನು ನಂಬಬೇಡಿ. ಕಟ್ಟಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಗಾಡಿ ಅಲುಗಬೇಕೇ ಹೊರತು ಸಿಲಿಂಡರ್ ಅಲುಗಬಾರದು. ಹತ್ತು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯುತ್ತೇನೆ.

ಜನರೇಟರಿನ ಪೆಟ್ರೋಲ್ ಕ್ಯಾನ್ ಸಿಲಿಂಡರ್ ಜೊತೆ ಬೇಡವೇ ಬೇಡ. ಅದು ಬೇರೆ ಗಾಡಿಯಲ್ಲಿ ಬರಲಿ. ಮಳೆಗಾಲದಲ್ಲಿ ತಾಡಪಾಲು ಬೇಕಾದರೆ ಪಾತ್ರೆಗಳಿಗಷ್ಟೇ ಹೊದಿಸಿ. ಸಿಲಿಂಡರ್‌ಗೆ ಗಾಳಿ ಆಡಬೇಕು, ಅದು ನೆನೆದರೆ ಏನೂ ತೊಂದರೆ ಇಲ್ಲ. ಹುಡುಗರನ್ನು ಹಿಂದೆ ಕೂರಿಸಬೇಡಿ. ಬಸ್ ಚಾರ್ಜ್ ಕೊಟ್ಟು ಕಳಿಸಿ. ಪುಡಿ ತುಂಬಿದ ಅಗ್ನಿಶಾಮಕ ಒಂದು ಡ್ರೈವರ್ ಕೈಗೆ ಸಿಗುವಲ್ಲಿ ಇರಲಿ, ಪಾತ್ರೆಗಳ ಅಡಿಯಲ್ಲಿ ಅಲ್ಲ.

ದಾರಿಯಲ್ಲಿ ವಾಸನೆ ಬಂದರೆ ಊರು, ಅಂಗಡಿ ಬಿಟ್ಟು ಬಯಲಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಬೀಡಿ ಬೇಡ, ಗಾಡಿ ಹತ್ತಿರ ಮೊಬೈಲೂ ಬೇಡ. ಗಾಳಿ ಬೀಸಿ ಬರುವ ಕಡೆಗೆ, ಎತ್ತರದ ಜಾಗಕ್ಕೆ ಹೋಗಿ. ದೂರ ಹೋದ ಮೇಲೆ 1906ಕ್ಕೆ ಫೋನ್ ಮಾಡಿ, ಅದು ಎಲ್‌ಪಿಜಿ ಸೋರಿಕೆಗೆಂದೇ ಇರುವ ನಂಬರ್. ಬೆಂಕಿ ಹೊತ್ತಿದರೆ 112. ಮಂಜಿನಂತೆ ಬರುವ ದ್ರವಕ್ಕೆ ಕೈ ಹಾಕಬೇಡಿ, ಚರ್ಮ ಸುಟ್ಟ ಹಾಗೆ ಆಗುತ್ತದೆ.

ಇಳಿಸುವಾಗ ಇಬ್ಬರು ಹಿಡಿಯಿರಿ. ತುಂಬಿದ 19 ಕೆಜಿ ಸಿಲಿಂಡರ್ ಕಬ್ಬಿಣದ ತೂಕವೂ ಸೇರಿ ಅದರ ಸುಮಾರು ಎರಡರಷ್ಟು ಇರುತ್ತದೆ. ಟಯರ್ ಮೇಲೆ ಎತ್ತಿ ಹಾಕುವುದನ್ನು ನೋಡಿದ್ದೀರಿ ಅಲ್ವಾ? ಅದು ಬೇಡ. ಊಟ ಮುಗಿದು ಹೊರಡುವಾಗ ಎಲ್ಲರಿಗೂ ಸುಸ್ತು, ಖಾಲಿ ಸಿಲಿಂಡರನ್ನು ಸುಮ್ನೆ ಎಸೆಯುವ ಮನಸ್ಸಾಗುತ್ತದೆ. ಖಾಲಿ ಅಂದರೂ ಒಳಗೆ ಅನಿಲ ಉಳಿದಿರುತ್ತದೆ. ಅದಕ್ಕೇ ರಾತ್ರಿ ಹನ್ನೊಂದಾದರೂ ಟಾರ್ಚ್ ಹಿಡಿದು ಒಂದೊಂದರ ಕ್ಯಾಪ್ ಮುಟ್ಟಿ ನೋಡಿ, ಎರಡು ಬೆಲ್ಟ್ ಬಿಗಿದೇ ಗಾಡಿ ಬಿಡುತ್ತೇವೆ.