ತಾಮ್ರದ ಸೂತ್ರ ಬರೆಯುವ ಮೊದಲು ಚಾರ್ಜ್ ಕೇಳಿ

ತಾಮ್ರದ ಆಕ್ಸೈಡ್ ಸೂತ್ರ ಬರೆಯಿರಿ ಅಂತ ಯಾರಾದರೂ ಕೇಳಿದರೆ ತಕ್ಷಣ ಪೆನ್ನು ಎತ್ತಬೇಡಿ. ಯಾವ ತಾಮ್ರ ಅಂತ ತಿರುಗಿ ಕೇಳಿ. ತಾಮ್ರದ ಚಾರ್ಜ್, ಅಂದರೆ ಸಂಯುಕ್ತದಲ್ಲಿ ಅದಕ್ಕಿರುವ ವಿದ್ಯುದಾವೇಶ, ಕೆಲವು ಕಡೆ +1, ಜಾಸ್ತಿ ಕಡೆ +2. ಹಳೆಯ ಹೆಸರಲ್ಲಿ ಕ್ಯುಪ್ರಸ್ ಅಂದರೆ +1, ಕ್ಯುಪ್ರಿಕ್ ಅಂದರೆ +2. ಇದು ಗೊತ್ತಾದರೆ ಅರ್ಧ ಕೆಲಸ ಮುಗೀತು.

ಇನ್ನು ಸಂಕೇತ. ತಾಮ್ರಕ್ಕೆ ಸಿಯು, ದೊಡ್ಡ ಸಿ, ಪಕ್ಕದಲ್ಲಿ ಸಣ್ಣ ಯು. ಎರಡನ್ನೂ ದೊಡ್ಡದಾಗಿ ಬರೆದರೆ ಅದು ಕಾರ್ಬನ್ ಮತ್ತು ಯುರೇನಿಯಂ! ಕಾರ್ಬೊನೇಟ್‌ನಲ್ಲಿ ಇದು ಉಲ್ಟಾ: ಸಿ, ಓ ಎರಡೂ ದೊಡ್ಡದೇ ಇರಬೇಕು. ಓ ಸಣ್ಣದಾದರೆ ಕೋಬಾಲ್ಟ್ ಆಗಿಬಿಡುತ್ತದೆ.

ಈಗ ಲೆಕ್ಕ. ಪ್ಲಸ್ಸು ಮೈನಸ್ಸು ಕೂಡಿದರೆ ಸೊನ್ನೆ ಬರಬೇಕು, ಅಷ್ಟೇ. ಆಕ್ಸೈಡ್ ಅಂದರೆ ಲೋಹದ ಜೊತೆ ಸೇರಿದ ಆಕ್ಸಿಜನ್, ಅದರ ಚಾರ್ಜ್ −2. ಹಾಗಾಗಿ +1 ತಾಮ್ರ ಎರಡು ಬೇಕು: ಸಿಯು₂ಓ, ಕೆಂಪು ಪುಡಿ. +2 ತಾಮ್ರ ಒಂದೇ ಸಾಕು: ಸಿಯುಓ, ಕಪ್ಪು ಪುಡಿ. ಸಲ್ಫೇಟ್ ಗುಂಪು (ಎಸ್‌ಓ₄) ಕೂಡ −2, ಅದಕ್ಕೇ ಸಿಯುಎಸ್‌ಓ₄. ನೀಲಿ ಮೈಲುತುತ್ತದಲ್ಲಿ ಇದರ ಜೊತೆ 5 ನೀರಿನ ಅಣು ಇರುತ್ತವೆ. ಕಾಯಿಸಿದರೆ ನೀರು ಹೋಗಿ ಬೆಳ್ಳಗಾಗುತ್ತದೆ.

ಕಾರ್ಬೊನೇಟ್ ಅಂದರೆ ಒಂದು ಕಾರ್ಬನ್, ಮೂರು ಆಕ್ಸಿಜನ್ ಸೇರಿದ ಗುಂಪು, ಸಿಓ₃. ಇಡೀ ಗುಂಪಿಗೆ −2. ಗುಂಪನ್ನು ಒಡೆಯಬೇಡಿ, ಒಳಗಿನ 3ನ್ನು ಮುಟ್ಟಲೇಬೇಡಿ. ಸೋಡಿಯಂ +1 ಆದ್ದರಿಂದ ಎನ್ಎ₂ಸಿಓ₃. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು ಎಲ್ಲವೂ +2, ಹಾಗಾಗಿ ಲೋಹ ಒಂದು, ಗುಂಪು ಒಂದು.

ಇದೇ ಲೆಕ್ಕದಲ್ಲಿ ತಾಮ್ರದ ಕಾರ್ಬೊನೇಟ್ ಸಿಯುಸಿಓ₃ ಆಗಬೇಕು ಅಲ್ವಾ? ಕಾಗದದ ಮೇಲೆ ಸರಿ, ಪರೀಕ್ಷೆಯಲ್ಲೂ ಅದನ್ನೇ ಬರೆಯಿರಿ. ಆದರೆ ಆ ಹೆಸರಿನ ಲೇಬಲ್ ಹಚ್ಚಿದ ಬಾಟಲಿಯಲ್ಲಿರುವ ಹಸಿರು ಪುಡಿ ಸಾಮಾನ್ಯವಾಗಿ ಅದಲ್ಲ. ಮೈಲುತುತ್ತದ ದ್ರಾವಣಕ್ಕೆ ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೊನೇಟ್) ದ್ರಾವಣ ಹಾಕಿದರೆ ಗುಳ್ಳೆ ಬಂದು ಹಸಿರು-ನೀಲಿ ಗಸಿ ಕೂರುತ್ತದಲ್ಲ, ಅದರಲ್ಲಿ ಕಾರ್ಬೊನೇಟ್ ಜೊತೆಗೆ ಹೈಡ್ರಾಕ್ಸೈಡ್ ಕೂಡ ಸೇರಿಕೊಂಡಿರುತ್ತದೆ. ಹೈಡ್ರಾಕ್ಸೈಡ್ ಅಂದರೆ ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಸೇರಿದ ಗುಂಪು, ಓಎಚ್. ಅದರ ಚಾರ್ಜ್ −1. ಸೂತ್ರ: ಸಿಯು₂ಸಿಓ₃(ಓಎಚ್)₂. ತಾಮ್ರದ ಕಡೆ +4, ಎದುರಿಗೆ −2 ಮತ್ತು ಎರಡು −1. ಸರಿಹೋಯಿತು. ಮಾಲಕೈಟ್ ಅನ್ನುವ ಹಸಿರು ಖನಿಜದ ಸೂತ್ರವೂ ಇದೇ.

ಆವರಣ ಯಾವಾಗ ಹಾಕಬೇಕು ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಅಝುರೈಟ್, ಕಡುನೀಲಿ ಖನಿಜ: ಸಿಯು₃(ಸಿಓ₃)₂(ಓಎಚ್)₂. ಗುಂಪು ಒಂದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಆವರಣ, ಒಂದೇ ಇದ್ದರೆ ಸುಮ್ನೆ ಬೇಡ. ಚಾರ್ಜ್ ಕೂಡಿ ನೋಡಿ, ಎರಡೂ ಕಡೆ 6.

ಬರೆದ ಸೂತ್ರ ಸರಿಯೋ ಅಂತ ನೋಡಲು ಕಾಯಿಸುವ ಸಮೀಕರಣ ಬರೆಯಿರಿ. ಮಾಲಕೈಟ್ ಕಾಯಿಸಿದರೆ ಕಪ್ಪು ಸಿಯುಓ ಎರಡು, ಕಾರ್ಬನ್ ಡೈಆಕ್ಸೈಡ್ ಒಂದು, ನೀರು ಒಂದು ಬರುತ್ತದೆ. ಎಡಗಡೆ ಆಕ್ಸಿಜನ್ 5. ಬಲಗಡೆ 2+2+1.