ಹಾನ್ಲೆಯ ಇರುಳಿಗೆ ಸಿದ್ಧತೆ

ಲಡಾಖ್‌ಗೆ ಹೊರಡುವವರು ಸಾಮಾನ್ಯವಾಗಿ ರಜೆಯನ್ನು ನೋಡಿ ದಿನ ಗೊತ್ತುಮಾಡುತ್ತಾರೆ. ಅಲ್ಲಿನ ಹಾನ್ಲೆ ಎಂಬ ಹಳ್ಳಿಯಲ್ಲಿ ನಕ್ಷತ್ರ ನೋಡಬೇಕೆನ್ನುವವರು ಮೊದಲು ಪಂಚಾಂಗವನ್ನು ತೆರೆಯಬೇಕು. ಹುಣ್ಣಿಮೆಯ ಆಸುಪಾಸಿನಲ್ಲಿ ಆ ಶೀತ ಮರುಭೂಮಿ ಬೆಳದಿಂಗಳಲ್ಲಿ ಸೊಗಸಾಗಿ ಕಾಣುತ್ತದೆ, ಆದರೆ ಆಕಾಶಗಂಗೆ ಮಸುಕಾಗಿಬಿಡುತ್ತದೆ. ಆದ್ದರಿಂದ ಅಮಾವಾಸ್ಯೆಯ ಹಿಂದುಮುಂದಿನ ನಾಲ್ಕೈದು ದಿನಗಳನ್ನು ಆರಿಸಿಕೊಳ್ಳಿ. ತಿಂಗಳುಗಳ ಪೈಕಿ ನನ್ನ ಆಯ್ಕೆ ಸೆಪ್ಟೆಂಬರ್: ಮಳೆಗಾಲದ ಮೋಡಗಳು ಹಿಂದೆ ಸರಿಯುತ್ತಿರುತ್ತವೆ, ಕತ್ತಲಾದ ಕೂಡಲೇ ವೃಶ್ಚಿಕ ಮತ್ತು ಧನು ರಾಶಿಗಳ ಕಡೆಯ ದಟ್ಟ ಆಕಾಶಗಂಗೆ ನೈಋತ್ಯದಲ್ಲಿ ಎದ್ದು ಕಾಣುತ್ತದೆ.

ಎರಡನೆಯ ಸಿದ್ಧತೆ ದೇಹದ್ದು. ಇದರಲ್ಲಿ ಅವಸರ ಸಲ್ಲದು. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಹಾನ್ಲೆಯ ವೀಕ್ಷಣಾಲಯ 4,500 ಮೀಟರ್ ಎತ್ತರದ ಬೆಟ್ಟದ ಮೇಲಿದೆ. ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದಕ್ಕುವುದರ ಶೇಕಡ 60ಕ್ಕಿಂತ ಕಡಿಮೆ. ವಿಮಾನದಲ್ಲಿ ಬಂದಿಳಿದವರು ಲೇಹ್‌ನಲ್ಲಿ ಕನಿಷ್ಠ ಎರಡು ರಾತ್ರಿ ಸುಮ್ಮನೆ ತಂಗಬೇಕು. ನೀರು ಚೆನ್ನಾಗಿ ಕುಡಿಯಬೇಕು, ಮದ್ಯ ಮುಟ್ಟಬಾರದು. ತಲೆನೋವಿನ ಜೊತೆಗೆ ವಾಂತಿಯೋ ನಡೆಯುವಾಗ ತೂರಾಟವೋ ಕಂಡರೆ, ನಕ್ಷತ್ರಗಳ ಆಸೆಯನ್ನು ಬಿಟ್ಟು ಕೆಳಗಿಳಿಯುವುದೊಂದೇ ದಾರಿ. ಹಾನ್ಲೆ ಗಡಿಗೆ ಹತ್ತಿರವಿರುವುದರಿಂದ ಪರ್ಮಿಟ್‌ನ ಆಗಿನ ನಿಯಮವನ್ನು ಈ ಬಿಡುವಿನ ದಿನಗಳಲ್ಲೇ ವಿಚಾರಿಸಿ ಮುಗಿಸಿಕೊಳ್ಳಿ. ಮುಂದಿನ ಹಾದಿ ಸಿಂಧೂ ನದಿಯ ಗುಂಟ ಚುಮಾಥಾಂಗ್‌, ಮಾಹೆ, ನ್ಯೋಮಾಗಳ ಮೂಲಕ ಸಾಗುತ್ತದೆ. ಚುಮಾಥಾಂಗ್‌ನ ಬಿಸಿನೀರಿನ ಬುಗ್ಗೆಗಳ ಬಳಿ ಊಟಕ್ಕೆ ನಿಲ್ಲಬಹುದು.

ಈ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಅಲ್ಲಿನ ವೀಕ್ಷಣಾಲಯವನ್ನು ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಎರಡು ಮೀಟರ್ ವ್ಯಾಸದ ‘ಹಿಮಾಲಯನ್ ಚಂದ್ರ’ ಎಂಬ ಹೆಸರಿನ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಯಿಂದಲೇ ನಿರ್ವಹಿಸುತ್ತಾರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಹಾಗಾಗಿ ಬೆಳಕಿನ ನಿಯಮಗಳನ್ನು ಮನಸಾರೆ ಪಾಲಿಸಿ: ಕೋಣೆಯ ಪರದೆ ಎಳೆಯಿರಿ, ವಾಹನದ ಹೈಬೀಮ್ ಹಾಕಬೇಡಿ, ಆಕಾಶಕ್ಕೆ ಟಾರ್ಚ್ ಬಿಡಬೇಡಿ. ಟಾರ್ಚ್‌ನ ಗಾಜಿಗೆ ಕೆಂಪು ಜಿಲೆಟಿನ್ ಹಾಳೆಯನ್ನು ಎರಡು ಮಡಿಕೆಯಾಗಿ ಹೊದಿಸಿ ರಬ್ಬರ್ ಬ್ಯಾಂಡ್ ಬಿಗಿದರೆ ಕಾಲ ಬುಡ ಕಾಣುವಷ್ಟು ಬೆಳಕು ಸಾಕಾಗುತ್ತದೆ. ಕಣ್ಣು ಕತ್ತಲಿಗೆ ಪಳಗಲು ಅರ್ಧ ಗಂಟೆ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಹೆಚ್ಚುವರಿ ಬ್ಯಾಟರಿಯನ್ನು ಒಳಜೇಬಿನಲ್ಲಿ, ಮೈಯ ಕಾವಿಗೆ ಇಟ್ಟುಕೊಳ್ಳಿ.

ತರಬೇತಿ ಪಡೆದ ಊರಿನವರೇ ದೂರದರ್ಶಕದಲ್ಲಿ ಆಕಾಶ ತೋರಿಸುತ್ತಾರೆ. ಅವರ ಮನೆಯಲ್ಲೇ ತಂಗುವುದು ಲೇಸು. ಬರಿಗಣ್ಣಿಗೂ ವ್ಯತ್ಯಾಸ ತಿಳಿಯುತ್ತದೆ. ಬೆಂಗಳೂರಿನಲ್ಲಿ ಹದಿಮೂರು ಡಿಗ್ರಿಯಷ್ಟೇ ಎತ್ತರದಲ್ಲಿ ಕಾಣುವ ಧ್ರುವ ನಕ್ಷತ್ರ ಇಲ್ಲಿ ಮೂವತ್ತಮೂರು ಡಿಗ್ರಿಗೆ ಏರಿರುತ್ತದೆ. ನಮ್ಮ ಚಳಿಗಾಲದ ಅಗಸ್ತ್ಯ ನಕ್ಷತ್ರ ಮಾತ್ರ ಇಲ್ಲಿ ಐದು ಡಿಗ್ರಿಯೂ ಮೇಲೇಳದೆ ಬೆಟ್ಟಗಳ ಮರೆಗೆ ಸರಿಯುತ್ತದೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಇನ್ನೊಮ್ಮೆ ಎದ್ದು ಪೂರ್ವಕ್ಕೆ ನೋಡಿ: ಅರುಣೋದಯಕ್ಕೂ ಮುಂಚೆ ಓರೆಯಾದ ಗೋಪುರದಂತೆ ಮೇಲೇಳುವ ಮಂದ ಬೆಳಕು ಗ್ರಹಗಳ ನಡುವಿನ ಧೂಳು ಚದುರಿಸಿದ ಬಿಸಿಲು.

ಮರುದಿನ ಹೊತ್ತೇರಿದ ಮೇಲೆ ಎದ್ದು, ಹದಿನೇಳನೆಯ ಶತಮಾನದ ಹಾನ್ಲೆ ಗೊಂಪಾವನ್ನು (ಬೌದ್ಧ ಮಠ) ನಿಧಾನವಾಗಿ ಹತ್ತಿ. 5,798 ಮೀಟರ್ ಎತ್ತರದ ಉಮ್ಲಿಂಗ್ ಲಾ ಎಂಬ ಬೆಟ್ಟದ ಕಣಿವೆದಾರಿ ಇಲ್ಲಿಂದ ಹೋಗಿಬರುವಷ್ಟು ದೂರದಲ್ಲಿದೆಯಾದರೂ, ರಾತ್ರಿ ನಿದ್ದೆಗೆಟ್ಟವರು ಆ ದಿನ ಅಲ್ಲಿಗೆ ಹೋಗದಿರುವುದೇ ಒಳ್ಳೆಯದು.