ಹಳೆಯ ಅಂಬಾಸಡರಿಗೆ ಪ್ಲಗ್ ಯಾವುದು, ವೈರ್ ಯಾವುದು?

ಮಲೆನಾಡಿನಲ್ಲಿ ಹಳೆಯ ಪೆಟ್ರೋಲ್ ಅಂಬಾಸಡರ್ ಇಟ್ಟುಕೊಂಡವರದು ಜೂನ್ ಬಂತೆಂದರೆ ಒಂದೇ ದೂರು. ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದರೂ ಮೂರೇ ಸಿಲಿಂಡರಿನಲ್ಲಿ ಕುಂಟುತ್ತದೆ. ಮೆಕ್ಯಾನಿಕ್ ನಾಲ್ಕು ಹೊಸ ಪ್ಲಗ್ (ಸಿಲಿಂಡರಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್) ಹಾಕುತ್ತಾನೆ, ಎರಡು ದಿನ ಬಿಸಿಲು ಬಿದ್ದರೆ ಗಾಡಿಯೂ ಸರಿಯಾಗುತ್ತದೆ, ಹೆಸರು ಪ್ಲಗ್ಗಿಗೆ ಬರುತ್ತದೆ. ಮತ್ತೆ ಮಳೆ, ಮತ್ತೆ ಅದೇ ರಾಗ. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ಲಗ್ ಸಾಧಾರಣದ್ದೇ ಸಾಕು, ನಂಬರ್ ಸರಿಯಿರಲಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಆ ಪ್ಲಗ್ಗಿಗೆ ಕರೆಂಟು ಒಯ್ಯುವ ವೈರಿನ ವಿಷಯದಲ್ಲಿ.

ನನ್ನದು ಮಾರ್ಕ್ 3, ಇರುವುದು ತೀರ್ಥಹಳ್ಳಿಯಲ್ಲಿ. ಇಲ್ಲಿ ಹೇಳುವುದೆಲ್ಲ 1489 ಸಿಸಿಯ ಹಳೆಯ ಪೆಟ್ರೋಲ್ ಎಂಜಿನ್ನಿಗೆ ಸೇರಿದ್ದು. ಮಾರ್ಕ್ 2 ಮತ್ತು ಮಾರ್ಕ್ 4 ಇಟ್ಟುಕೊಂಡವರೂ ಇದನ್ನೇ ಅನುಸರಿಸಬಹುದು. ಆಮೇಲೆ ಬಂದ 1800 ಸಿಸಿಯ ಇಸುಜು ಎಂಜಿನ್ನಿನ ಲೆಕ್ಕ ಬೇರೆ. ನಮ್ಮದು ಮೂಲತಃ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಎಂಜಿನ್. ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ ಇದೇ ಕುಲದ್ದು. ಹಾಗಾಗಿ ಇದಕ್ಕೆ ಹೊಂದುವ ಪ್ಲಗ್ ಇಂದಿಗೂ ಜಗತ್ತಿನ ಎಲ್ಲೆಡೆ ಸಿಗುತ್ತದೆ.

ಪ್ಲಗ್ಗಿನಲ್ಲಿ ನೋಡಬೇಕಾದದ್ದು ಮೂರೇ. ಮರೆಯ (ತಿರುಗಿಸಿ ಕೂರಿಸುವ ಸ್ಕ್ರೂ ಸುರುಳಿಯ) ದಪ್ಪ 14 ಮಿ.ಮೀ., ಮರೆಯ ಉದ್ದ 19 ಮಿ.ಮೀ., ಆಮೇಲೆ ಶಾಖದ ದರ್ಜೆ. ಉದ್ದವನ್ನು ಕಣ್ಣಳತೆಗೆ ಬಿಡಬೇಡಿ. ಅರ್ಧ ಇಂಚಿನ ಗಿಡ್ಡ ಪ್ಲಗ್ ಕೂಡ ಅದೇ ತೂತಿನಲ್ಲಿ ಸಲೀಸಾಗಿ ಕೂರುತ್ತದೆ, ಗಾಡಿಯೂ ಓಡುತ್ತದೆ. ಆದರೆ ಹೆಡ್ಡಿನಲ್ಲಿ (ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗದಲ್ಲಿ) ಖಾಲಿ ಉಳಿದ ಮರೆಗೆ ಮಸಿ ಕಟ್ಟಿ, ಮುಂದೆ ಸರಿಯಾದ ಪ್ಲಗ್ ಹಾಕಲು ಹೋದಾಗ ಅರ್ಧದಲ್ಲೇ ಬಿಗಿಯುತ್ತದೆ. ಹಳೆಯ ಪ್ಲಗ್ಗನ್ನು ಅಂಗಡಿಗೆ ಒಯ್ಯಿರಿ, ಸ್ಕೇಲನ್ನೂ ಒಯ್ಯಿರಿ.

ಶಾಖದ ದರ್ಜೆ ಎಂದರೆ ಪ್ಲಗ್ಗಿನ ತುದಿ ತನ್ನ ಬಿಸಿಯನ್ನು ಎಷ್ಟು ಬೇಗ ಹೆಡ್ಡಿಗೆ ದಾಟಿಸುತ್ತದೆ ಎಂಬುದು. ಬೇಗ ದಾಟಿಸುವುದು ತಣ್ಣನೆಯ ಪ್ಲಗ್, ನಿಧಾನವಾಗಿ ದಾಟಿಸುವುದು ಬಿಸಿ ಪ್ಲಗ್. ಎನ್‌ಜಿಕೆ ಕಂಪನಿಯ ಬಿಪಿ6ಇಎಸ್, ಚಾಂಪಿಯನ್ನಿನ ಎನ್9ವೈಸಿ, ಬಾಷ್‌ನ ಡಬ್ಲ್ಯು7ಡಿಸಿ ಇವು ಮೂರೂ ಹೆಚ್ಚುಕಡಿಮೆ ಒಂದೇ ದರ್ಜೆಯವು, ಮೂರೂ ನಮ್ಮ ಗಾಡಿಗೆ ಸರಿ. ಆದರೆ ನಂಬರಿನ ದಿಕ್ಕು ಒಂದೇ ಅಲ್ಲ. ಎನ್‌ಜಿಕೆಯಲ್ಲಿ ಸಂಖ್ಯೆ ಏರಿದರೆ ಪ್ಲಗ್ ತಣ್ಣಗೆ. ಚಾಂಪಿಯನ್ ಮತ್ತು ಬಾಷ್‌ನಲ್ಲಿ ಏರಿದರೆ ಬಿಸಿ. ಬಾಷ್‌ನವರ ಹಳೆಯ ಮೂರಂಕಿಯ ಪದ್ಧತಿಯಲ್ಲಿ ಮತ್ತೆ ತಿರುಗುಮುರುಗು, 175ಕ್ಕಿಂತ 225 ತಣ್ಣಗೆ. ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಳ್ಳುವ ಎಷ್ಟೋ ಮೊದಲಿನ ಪೆಟ್ಟಿಗೆಗಳು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಒಮ್ಮೊಮ್ಮೆ ಕೈಗೆ ಸಿಗುತ್ತವೆ. ನನಗಂತೂ ಅವುಗಳ ಮೇಲೆ ಮೋಹ. ಆದರೆ ಮೋಹಕ್ಕೆ ಮೊದಲು ನಂಬರ್ ನೋಡಿ.

ರಿಂಗ್ ಸವೆದು ಆಯಿಲ್ ಸುಡುತ್ತಿರುವ, ಮನೆಯಿಂದ ಪೇಟೆಗೆ ಮಾತ್ರ ಓಡುವ ಗಾಡಿಗೆ ಒಂದು ದರ್ಜೆ ಬಿಸಿಯಾದ ಬಿಪಿ5ಇಎಸ್ ಹಾಕಿದರೆ ಮಸಿ ಕಡಿಮೆಯಾಗುತ್ತದೆ. ಆಗುಂಬೆ ಘಾಟಿ ಇಳಿದು ಉಡುಪಿ ಕಡೆ ಆಗಾಗ ಹೋಗಿ, ಮತ್ತೆ ಘಾಟಿ ಹತ್ತಿ ಬರುವವರು 6ರಲ್ಲೇ ಇರಲಿ. ಇರಿಡಿಯಂ ಪ್ಲಗ್ ಕೇಳುವವರಿದ್ದಾರೆ. ಆಯಿಲ್ ಕುಡಿಯುವ ಎಂಜಿನ್ನಿನಲ್ಲಿ ಅದಕ್ಕೂ ಮಸಿಯೇ ಗತಿ. ಆ ದುಡ್ಡಿಗೆ, ನಾಲ್ಕೂ ಪ್ಲಗ್ಗಿಗೆ ಸರದಿಯಲ್ಲಿ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿಗೆ ಒಂದು ಒಳ್ಳೆಯ ಕ್ಯಾಪ್ ತೆಗೆದುಕೊಳ್ಳಿ.

ಹೊಸ ಪ್ಲಗ್ಗನ್ನು ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಹಾಕಬಾರದು. ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್) ಇರುವ ನಮ್ಮ ಎಂಜಿನ್ನಿಗೆ ಗ್ಯಾಪ್, ಎಂದರೆ ಕಿಡಿ ಹಾರುವ ಸಂದು, 0.025 ಇಂಚು, ಎಂದರೆ ಸುಮಾರು 0.6 ಮಿ.ಮೀ. ಇಂದಿನ ಪ್ಲಗ್ಗುಗಳು ಹೆಚ್ಚಾಗಿ ಇದಕ್ಕಿಂತ ಅಗಲವಾದ ಗ್ಯಾಪಿನಲ್ಲಿ ಬರುತ್ತವೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ಇಟ್ಟು ಹೊರಗಿನ ಕೊಂಡಿಯನ್ನು ಮಾತ್ರ ಬಗ್ಗಿಸಿ, ನಡುವಿನದನ್ನು ಮುಟ್ಟಬೇಡಿ. ಬೆರಳಿನಿಂದ ಕೊನೆಯವರೆಗೂ ತಿರುಗಿಸಿ ಕೂರಿಸಿದ ಮೇಲೆ, ವಾಷರ್ ಹೊಸದಾದರೆ ಪಾನಾದಲ್ಲಿ ಇನ್ನು ಅರ್ಧ ಸುತ್ತು. ಅಷ್ಟಕ್ಕೆ ನಿಲ್ಲಿಸಿ.

ತೆಗೆದ ಪ್ಲಗ್ಗನ್ನು ಎಸೆಯುವ ಮುನ್ನ ಸಿಲಿಂಡರಿನ ಕ್ರಮದಲ್ಲಿ ಜೋಡಿಸಿಟ್ಟು ಒಮ್ಮೆ ನೋಡಿ. ಒಣ ಮಸಿ ಇದ್ದರೆ ಕಾರ್ಬುರೇಟರ್ ಪೆಟ್ರೋಲನ್ನು ಹೆಚ್ಚು ಕೊಡುತ್ತಿದೆ, ಎಣ್ಣೆಯ ಕಪ್ಪಾದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ, ಬಿಳಿಯಾಗಿ ಗುಳ್ಳೆ ಎದ್ದಿದ್ದರೆ ಎಂಜಿನ್ ವಿಪರೀತ ಕಾಯುತ್ತಿದೆ. ಹಳೆಯ ಪುಸ್ತಕಗಳಲ್ಲಿ ಹೇಳುವ ಕಾಫಿಪುಡಿಯ ಬಣ್ಣಕ್ಕಾಗಿ ಹುಡುಕಬೇಡಿ. ಸೀಸದ ಪೆಟ್ರೋಲ್ 2000ದಲ್ಲೇ ನಿಂತಿತು. ಈಗಿನ ಪೆಟ್ರೋಲಿನಲ್ಲಿ ಆರೋಗ್ಯವಂತ ಪ್ಲಗ್ ಕೂಡ ತುಸು ಬಿಳಿಚಿಕೊಂಡೇ ಇರುತ್ತದೆ.

ಇನ್ನು ವೈರು. ಅಂಗಡಿಗೆ ಹೋಗುವ ಮುನ್ನ ನಿಮ್ಮ ಡಿಸ್ಟ್ರಿಬ್ಯೂಟರ್ ಕ್ಯಾಪನ್ನು ಬಿಚ್ಚಿ ಒಳಗೆ ನೋಡಿ. ಲೂಕಾಸ್ ಕಂಪನಿಯ ಕ್ಯಾಪುಗಳಲ್ಲಿ ಎರಡು ಬಗೆ. ಒಂದರಲ್ಲಿ ವೈರು ಪಕ್ಕದಿಂದ ಒಳನುಗ್ಗುತ್ತದೆ, ಕ್ಯಾಪಿನ ಒಳಗಿನಿಂದ ಚೂಪಾದ ಸ್ಕ್ರೂ ಅದನ್ನು ಚುಚ್ಚಿ ಹಿಡಿಯುತ್ತದೆ. ಇನ್ನೊಂದರಲ್ಲಿ ಮೇಲಿನಿಂದ ಒತ್ತಿ ಕೂರಿಸುವ ಹಿತ್ತಾಳೆಯ ತುದಿ. ಚುಚ್ಚುವ ಸ್ಕ್ರೂ ಇರುವ ಕ್ಯಾಪಿಗೆ ತಾಮ್ರದ ಎಳೆಯ ವೈರೇ ಬೇಕು, ಬೇರೆ ಮಾತಿಲ್ಲ. ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಹಳೆಯ ಕಾಯಿಲಿನ ತಲೆಯಲ್ಲಿ ತಾಮ್ರದ ಎಳೆಗಳನ್ನು ಹಿತ್ತಾಳೆ ವಾಷರಿನ ಮೇಲೆ ಹರಡಿ ನಟ್ಟು ಬಿಗಿಯುವ ಪದ್ಧತಿ ಇದ್ದರೆ ಅಲ್ಲಿಗೂ ಅದೇ ಮಾತು.

ಕಾರ್ಬನ್ ವೈರಿನ ಒಳಗೆ ಇರುವುದು ಕಾರ್ಬನ್ ಹಚ್ಚಿದ ನೂಲು. ರೇಡಿಯೋದ ಕಿರಿಕಿರಿ ತಡೆಯಲು ಮಾಡಿದ್ದು. ಅದನ್ನು ಸ್ಕ್ರೂ ಚುಚ್ಚಿದರೆ ನೂಲು ಪಕ್ಕಕ್ಕೆ ಸರಿಯುತ್ತದೆ ಇಲ್ಲವೇ ಕಡಿಯುತ್ತದೆ. ಕಿಡಿಯೇನೋ ಆ ಸಂದನ್ನು ಹಾರಿಕೊಂಡು ಹೋಗುತ್ತದೆ, ಗಾಡಿ ಓಡುತ್ತದೆ. ಹಾರಿದಲ್ಲೆಲ್ಲ ಸುಡುತ್ತಾ ಹೋಗಿ ಸಂದು ದೊಡ್ಡದಾಗುತ್ತದೆ. ಕೆಲವು ತಿಂಗಳಾದ ಮೇಲೆ ಏರಿನಲ್ಲಿ ಮಾತ್ರ ಮಿಸ್ ಹೊಡೆಯತೊಡಗುತ್ತದೆ. ನೋಡಲು ಚೆಂದದ, ಕೆಂಪು ಸಿಲಿಕೋನ್ ಹೊದಿಕೆಯ ದುಬಾರಿ ಸೆಟ್ಟುಗಳಿಗೂ ಈ ಗತಿ ಬಂದದ್ದನ್ನು ನೋಡಿದ್ದೇನೆ. ತಪ್ಪು ಸೆಟ್ಟಿನದಲ್ಲ, ಕ್ಯಾಪಿಗೆ ಹೊಂದದ್ದನ್ನು ಕಟ್ಟಿಕೊಟ್ಟವರದು.

ನಾನು 7 ಮಿ.ಮೀ. ತಾಮ್ರದ ವೈರನ್ನು ಮೀಟರ್ ಲೆಕ್ಕದಲ್ಲಿ ತಂದು ಮನೆಯಲ್ಲೇ ಕತ್ತರಿಸುತ್ತೇನೆ. ಮಲೆನಾಡಿಗೆ ಸಿಲಿಕೋನ್ ಹೊದಿಕೆಯದೇ ಒಳ್ಳೆಯದು. ಪಿವಿಸಿ ಹೊದಿಕೆ ಬಿಸಿಗೆ ಗಟ್ಟಿಯಾಗಿ ಸಣ್ಣಗೆ ಬಿರಿಯುತ್ತದೆ, ಬಿರುಕಿಗೆ ತೇವ ಸೇರುತ್ತದೆ.

ಇದಕ್ಕೊಂದು ತಕರಾರಿದೆ. ಪಾಯಿಂಟ್ ತೆಗೆದು ಡಿಸ್ಟ್ರಿಬ್ಯೂಟರಿನೊಳಗೆ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದವರು ಬರೀ ತಾಮ್ರದ ವೈರು ಬಳಸಿದರೆ, ಅದರಿಂದ ಏಳುವ ವಿದ್ಯುತ್ ಗದ್ದಲ ಕಿಟ್ಟನ್ನೇ ಗೊಂದಲಕ್ಕೆ ಕೆಡವಬಹುದು. ಭೌತಶಾಸ್ತ್ರ ಪಾಠ ಮಾಡಿಕೊಂಡು ಬಂದವನಾದ್ದರಿಂದ ಓಮ್ ಎಂಬ ಶಬ್ದ ಕೇಳಿದರೆ ನನ್ನ ಕಿವಿ ನಿಮಿರುತ್ತದೆ; ಇಲ್ಲಿ ಪರಿಹಾರ ಸುಲಭ. ವೈರು ತಾಮ್ರದ್ದೇ ಇರಲಿ, ಪ್ಲಗ್ಗನ್ನು ರೆಸಿಸ್ಟರ್ ಇರುವ ಬಿಪಿಆರ್6ಇಎಸ್‌ಗೆ ಬದಲಿಸಿ. ನಡುವೆ ಬಂದ ಆರ್ ಅಕ್ಷರದ ಅರ್ಥ ಒಳಗೊಂದು ಸುಮಾರು 5,000 ಓಮಿನ ರೆಸಿಸ್ಟರ್ ಇದೆ ಎಂದು. ರೇಡಿಯೋ ಕೇಳುವವರಿಗೂ ಇದೇ ಮದ್ದು. ಆದರೆ ರೆಸಿಸ್ಟರ್ ಪ್ಲಗ್ಗು, ಪ್ಲಗ್ಗಿನ ತಲೆಗೆ ಕೂರುವ ರೆಸಿಸ್ಟರ್ ಕ್ಯಾಪು, ಕಾರ್ಬನ್ ವೈರು ಮೂರನ್ನೂ ಒಟ್ಟಿಗೆ ಪೇರಿಸಬೇಡಿ. ಕಿಟ್ಟಿನ ಜೊತೆ ಬಂದ ಚೀಟಿಯಲ್ಲಿ ಬೇರೆ ಮಾತಿದ್ದರೆ ಆ ಚೀಟಿಯೇ ಪ್ರಮಾಣ.

ಜೋಡಿಸುವಾಗ ಒಂದೊಂದೇ ವೈರು ಬದಲಿಸಿದರೆ ಕ್ರಮ ತಪ್ಪುವುದಿಲ್ಲ. ತಪ್ಪಿದರೆ ನೆನಪಿರಲಿ: ಸಿಲಿಂಡರುಗಳು ಉರಿಯುವ ಕ್ರಮ 1-3-4-2, ಮೇಲಿನಿಂದ ನೋಡಿದಾಗ ಕ್ಯಾಪಿನೊಳಗಿನ ರೋಟರ್ ತಿರುಗುವುದು ಗಡಿಯಾರಕ್ಕೆ ವಿರುದ್ಧವಾಗಿ, ಒಂದನೆಯ ಸಿಲಿಂಡರ್ ರೇಡಿಯೇಟರ್ ಬದಿಯದು. ಮೂರರ ಬೆನ್ನಿಗೇ ನಾಲ್ಕು ಉರಿಯುವುದರಿಂದ ಆ ಎರಡು ವೈರುಗಳನ್ನು ಒಟ್ಟಿಗೆ ಟೇಪು ಸುತ್ತಿ ಒಯ್ಯಬಾರದು. ಒಂದರ ಕರೆಂಟು ಇನ್ನೊಂದಕ್ಕೆ ಜಿಗಿದರೆ ನಾಲ್ಕನೆಯದು ಹೊತ್ತಲ್ಲದ ಹೊತ್ತಿನಲ್ಲಿ ಉರಿಯುತ್ತದೆ. ನೋಡಲು ಅಚ್ಚುಕಟ್ಟಾಗಿ ಕಾಣಲೆಂದು ನಾಲ್ಕೂ ವೈರನ್ನು ಜಡೆ ಹೆಣೆದಂತೆ ಕಟ್ಟುವ ಎಲೆಕ್ಟ್ರಿಷಿಯನ್ನರಿಗೆ ಇದನ್ನು ಹೇಳಿ ಸಾಕಾಗಿದೆ.

ಹಳೆಯ ವೈರು ಇನ್ನೂ ನಡೆಯುತ್ತದೆಯೇ ಎಂದು ನೋಡಲು ಕತ್ತಲಾದ ಮೇಲೆ ಎಂಜಿನ್ ಚಾಲೂ ಮಾಡಿ ಬಾನೆಟ್ ಎತ್ತಿ, ಬಟ್ಟೆಗೆ ಇಸ್ತ್ರಿ ಹಾಕುವಾಗ ಬಳಸುವ ಸ್ಪ್ರೇ ಬಾಟಲಿಯಿಂದ ವೈರಿನ ಮೇಲೆ ಮಂಜಿನಷ್ಟು ನೀರು ಚಿಮುಕಿಸಿ. ಸೋರುವ ಜಾಗದಲ್ಲಿ ನೀಲಿ ಕಿಡಿ ಕುಣಿಯುತ್ತದೆ. ಸೀರೆಯ ಸೆರಗು, ಪಂಚೆ ಫ್ಯಾನಿನಿಂದ ದೂರವಿರಲಿ. ವೈರನ್ನು ಕೈಯಲ್ಲಿ ಮುಟ್ಟಬೇಡಿ, ಅಲ್ಲಿರುವುದು ಹತ್ತಿಪ್ಪತ್ತು ಸಾವಿರ ವೋಲ್ಟ್. ಕಿಡಿ ಕಾಣದೆಯೂ ಮಿಸ್ ಹೊಡೆಯುತ್ತಿದ್ದರೆ ಎಂಜಿನ್ ನಿಲ್ಲಿಸಿ, ವೈರು ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ತಾಮ್ರದ್ದು ಸೊನ್ನೆಯ ಹತ್ತಿರ ತೋರಿಸಬೇಕು. ಕಾರ್ಬನ್ನಿನದಾದರೆ ಉದ್ದಕ್ಕೆ ತಕ್ಕಂತೆ ಸಾವಿರಗಳಲ್ಲಿ ಬರುತ್ತದೆ, ಗುಂಪಿಗೆ ಸೇರದ ಲೆಕ್ಕ ಕೊಡುವ ವೈರನ್ನು ಗುಜರಿಗೆ ಹಾಕಿ. ಕಾಯಿಲಿನಿಂದ ಬರುವ ನಡುವಿನ ವೈರನ್ನು ಅಳೆಯಲು ಎಲ್ಲರೂ ಮರೆಯುತ್ತಾರೆ. ಅದು ಕೆಟ್ಟರೆ ನಾಲ್ಕೂ ಸಿಲಿಂಡರು ಕೆಟ್ಟಂತೆ.

ಮೀಟರ್ ಲೆಕ್ಕದಲ್ಲಿ ತಂದ ವೈರು ಮಿಕ್ಕಿದ್ದರೆ, ನಾಲ್ಕರಲ್ಲಿ ಅತಿ ಉದ್ದದ್ದರಷ್ಟು ಒಂದು ತುಂಡನ್ನು ಕತ್ತರಿಸಿ, ತುದಿ ಕೂರಿಸಿ, ಗ್ಯಾಪ್ ಸರಿಮಾಡಿದ ಒಂದು ಪ್ಲಗ್ಗಿನ ಜೊತೆ ಡಿಕ್ಕಿಯ ಪಾನಾ ಚೀಲದಲ್ಲಿ ಇಟ್ಟುಬಿಡಿ. ಅದು ಯಾವ ಸಿಲಿಂಡರಿಗೂ ಎಟುಕುತ್ತದೆ.